ಬರೆದುಕೊಟ್ಟ ಪ್ರಾರ್ಥನೆ

ಪಾಕಿಸ್ತಾನದ ಒಂದು ಊರಿನಲ್ಲಿ ಕಸ ಗುಡಿಸುವವರ ಕೇರಿಗೆ ಬೆಂಕಿ ಇಟ್ಟರು. ನಲವತ್ತೊಂದು ಮನೆ, ಒಂದು ಪ್ರಾರ್ಥನಾಲಯ ಸುಟ್ಟುಹೋದವು. ಕೇರಿಯವರೆಲ್ಲ ಕ್ರೈಸ್ತರು. ಮಕ್ಕಳನ್ನು ಕಟ್ಟಿಕೊಂಡು ಎರಡು ದಿನ ಜೋಳದ ಹೊಲದಲ್ಲಿ ಅಡಗಿದ್ದರು.

ಸುದ್ದಿ ಬಂದ ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ, ಬೆಂಗಳೂರಿನ ಹೊರಮಾವಿನ ತಗಡಿನ ಸೂರಿನ ಪ್ರಾರ್ಥನಾಲಯದ ಬೀಗವನ್ನು ಅಲ್ಲಿನ ಹಿಂದೂ ಸಂಘಟನೆಯ ಮುಖಂಡ ಮುನಿರಾಜ ತೆಗೆದ. ಮೂರು ತಿಂಗಳ ಹಿಂದೆ ಆ ಬೀಗ ಜಡಿದವನೂ ಅವನೇ. ಅವತ್ತು ಅವನ ಬಾಯಲ್ಲಿ ಇದು ಮತಾಂತರದ ಅಂಗಡಿಯಾಗಿತ್ತು; ಅವನ ಹುಡುಗರು ಡೋಲಕ್ಕನ್ನು ರಸ್ತೆಗೆ ಎಸೆದಿದ್ದರು. ಪೊಲೀಸರು ಬಂದು, ಪಾಸ್ಟರ್ ಆದಿನಾರಾಯಣರ ಕೈಯಲ್ಲೇ ಮುಚ್ಚಳಿಕೆ ಬರೆಸಿಕೊಂಡು ಹೋಗಿದ್ದರು. ಇವತ್ತು ಅದೇ ಬಾಯಲ್ಲಿ "ನಮ್ಮ ಕ್ರೈಸ್ತ ಬಂಧುಗಳು."

"ಬನ್ನಿ ಪಾಸ್ಟ್ರೇ, ನಿಮ್ ಮನೆಗೆ ನಿಮ್ಮನ್ನ ನಾನ್ ಕರೀಬೇಕಾ?" ಎಂದು ನಕ್ಕ. "ಒಂದ್ ವಿಡಿಯೋ ಅಷ್ಟೇ. ಆಮೇಲೆ ನೀವುಂಟು, ನಿಮ್ ದೇವ್ರುಂಟು."

ಪಾಸ್ಟರ ಸಭೆಯ ನಾಗರತ್ನಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ನೆಲದ ತುಂಬ ಧೂಳು, ಪಾರಿವಾಳದ ಹಿಕ್ಕೆ. ಹತ್ತೊಂಬತ್ತು ವರ್ಷದಿಂದ, ಮುಸ್ಲಿಮರೇ ಹೆಚ್ಚಿರುವ ಫ್ರೇಜರ್ ಟೌನಿನ ಮಾಸ್ಕ್ ರೋಡು ಗುಡಿಸುತ್ತಿದ್ದ ಕೈ, ತಾನಾಗಿ ಪೊರಕೆ ಹುಡುಕಿತು. ಬರುವ ಗುರುವಾರ ಇಲ್ಲೇ ಮಗಳು ಸುಕನ್ಯಳ ಮದುವೆಯಾಗಬೇಕು. ಪ್ರಾರ್ಥನಾಲಯ ತೆಗೆಯದಿದ್ದರೆ ಸಂಬಂಧವೇ ಬೇಡವೆಂದು ಗಂಡಿನ ಕಡೆಯವರು ಎರಡು ಸಲ ಹೇಳಿ ಕಳಿಸಿದ್ದರು.

"ಯೂನಿಫಾರಂ ಚೆನ್ನಾಗ್ ಕಾಣ್ಬೇಕು. ಅಲ್ಲಿ ಸುಟ್ಟಿರೋದು ನಿಮ್ ಕೆಲಸದೋರ ಮನೆಗಳನ್ನೇ ತಾನೇ?" ಎಂದು ಮುನಿರಾಜ ಅವಳ ಹಸಿರು ಕೋಟಿನ ಗುಂಡಿ ತೋರಿಸಿದ. ಭಾನುವಾರ ದೇವರ ಸನ್ನಿಧಿಗೆ ಅವಳು ಎಂದೂ ಹಾಕಿಕೊಂಡು ಬರದ ಕೋಟು. ಹಾಕಿಕೊಳ್ಳಲು ಹೇಳಿದ್ದವರು ಪಾಸ್ಟರು.

ಬೀಗ ಬಿದ್ದ ಮೇಲೆ ಮನೆಗಳಲ್ಲೇ ನಡೆಯುತ್ತಿದ್ದ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಒಬ್ಬೊಬ್ಬರಿಗೆ ಬೇಡಿಕೊಳ್ಳಲು ಒಂದೊಂದು ಹೊರೆ ಹಂಚುವುದು ಈ ಸಭೆಯ ರೂಢಿ. ಒಬ್ಬರಿಗೆ ಯಾರದೋ ಕಿಡ್ನಿ, ಇನ್ನೊಬ್ಬರಿಗೆ ಯಾರದೋ ಕುಡಿತ. ನಾಗರತ್ನಾಳ ಪಾಲಿಗೆ ಆ ಕೇರಿ ಬಂದಿತ್ತು. ಅಲ್ಲಿಯವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ತನ್ನ ಜೊತೆ ಗುಡಿಸುವವರ ಹೆಸರನ್ನೇ ಅವರಿಗೆ ಇಟ್ಟು, ಒಬ್ಬೊಬ್ಬರನ್ನೇ ಕರ್ತನ ಮುಂದೆ ನಿಲ್ಲಿಸಿದಳು. "ಬೆಂಕಿ ಇಟ್ಟೋರ ಕೈ ಸೇದಿಹೋಗ್ಲಿ" ಎಂದೂ ಕೇಳಿಕೊಂಡಳು. ಕೇಳಿಕೊಂಡ ಮೇಲೆ ತನಗೇ ದಿಗಿಲಾಯಿತು.

ಕಸದ ಆಟೋ ಓಡಿಸುವ ಮುದಸ್ಸಿರನಿಗೆ ಮಾರನೆಯ ದಿನ ಅದನ್ನು ಹೇಳಿಯೂಬಿಟ್ಟಳು. ಅವನು ಬೀಡಿ ಆರಿಸಿ, "ಬೇಡ್ಕೊಳ್ಳಿ ಅಕ್ಕಾ, ಬೇಡ್ಕೊಳ್ಳಿ. ಆ ಹರಾಮಿಗಳ ಕೈ ಇದ್ರೆಷ್ಟು, ಹೋದ್ರೆಷ್ಟು?" ಎಂದ. "ಅಲ್ಲೂ ಪೊರಕೆ ನಿಮ್ಮೋರ್ ಕೈಗೇ ಕೊಟ್ಟವ್ರಲ್ಲ, ದೇಶ ಬೇರೆ ಮಾಡ್ಕೊಂಡು ಏನ್ ಸುಖ?" ಎಂದು ಗಾಡಿ ಹತ್ತಿದ್ದ.

ಮುನಿರಾಜನ ಹುಡುಗ ಮೊಬೈಲು ಹಿಡಿದ. ಪಾಸ್ಟರು ಚೀಟಿ ನೋಡಿ ಮೆಲ್ಲಗೆ ಹೇಳಿಕೊಟ್ಟರು, ಅವಳು ಹೇಳಿದಳು.

"ಕರ್ತನೇ, ನಲವತ್ತೊಂದು ಮನೆ ಸುಟ್ಟವ್ರೆ." ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸೂಪರ್! ಆ ಅಳು ಹಂಗೇ ಇರ್ಲಿ," ಎಂದ ಮುನಿರಾಜ.

ಮುಂದಿನ ಸಾಲಿಗೆ ಪಾಸ್ಟರ ದನಿ ಇನ್ನೂ ತಗ್ಗಿತು. "ಇಲ್ಲಿರೋ ಸಾಬ್ರೂ ಅಂಥೋರೇ. ಮಾಸ್ಕ್ ರೋಡಲ್ಲಿ ಕೆಲಸ ಮಾಡೋಕೆ ನಂಗೆ ಭಯ ಆಗುತ್ತೆ."

ನಾಗರತ್ನಾ ಚೀಟಿಯ ಕಡೆ ನೋಡಿದಳು. "ಪಾಸ್ಟ್ರೇ, ಇದು ನೀವ್ ಬರ್ದಿದ್ದಾ?"

ಅವರು ಚೀಟಿಯಿಂದ ತಲೆ ಎತ್ತಲಿಲ್ಲ. "ಒಂದೇ ಮಾತು ತಾಯಿ. ಸುಕನ್ಯನ ಮುಖ ನೋಡಿ ಹೇಳ್ಬಿಡು."

"ನಂಗೆ ಭಯ ಆಗಿದ್ದು ಒಂದೇ ದಿನ," ಎಂದಳು ಅವಳು, ಮುನಿರಾಜನ ಕಡೆ ತಿರುಗಿ. "ಇವ್ರು ಇಲ್ಲಿಗ್ ಬೀಗ ಹಾಕಿದ್ ದಿನ. ಅದ್ ಬೇಕಾದ್ರೆ ಹೇಳ್ತೀನಿ, ಹಿಡ್ಕೊಳ್ಳಪ್ಪ ಮೊಬೈಲು."

ಹುಡುಗ ಮುನಿರಾಜನ ಮುಖ ನೋಡಿದ. ಮುನಿರಾಜನ ನಗು ಇಳಿಯಿತು.

"ಗುರುವಾರ ಮದ್ವೆ ಅಂತಲ್ಲಮ್ಮ? ಯೋಚ್ನೆ ಮಾಡ್ಕೊಂಡು ಹೇಳು."

ಯೋಚನೆ ಮಾಡಿದಳು. ನಿನ್ನೆ ಸಂಜೆ ಸುಕನ್ಯ ಕನ್ನಡಿಯ ಮುಂದೆ ಬಿಳಿ ಸೀರೆಯ ನೆರಿಗೆ ಹಿಡಿದು ನೋಡುತ್ತಿದ್ದಳು. ಆ ನೆರಿಗೆ ಕಣ್ಣ ಮುಂದೆ ಬಂತು. ನಾಗರತ್ನಾ ಧೂಳಿನಲ್ಲೇ ಮೊಣಕಾಲೂರಿ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು, ಮಾತು ಯಾರಿಗೂ ಕೇಳುತ್ತಿರಲಿಲ್ಲ.

"ಕಣ್ ಬಿಡು. ಇಲ್ಲಿ ನೋಡ್ಕೊಂಡ್ ಜೋರಾಗ್ ಹೇಳು."

ಬಿಡಲಿಲ್ಲ.

"ಸರಿ, ಎದ್ದೇಳು ಹಂಗಾದ್ರೆ. ಬಾಗ್ಲು ಹಾಕ್ಬೇಕು."

"ಇನ್ನೂ ಮುಗ್ದಿಲ್ಲ," ಎಂದಳು ನಾಗರತ್ನಾ. ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಹಣೆಯನ್ನೂ ಅಲ್ಲೇ ಇಟ್ಟಳು.