ನಲ್ಲಿ ಬಿಗಿಯುವ ಹರಿಶ್ಚಂದ್ರಣ್ಣ

ಯಾರ ಮನೆಗೆ ಹೋದರೂ ಹರಿಶ್ಚಂದ್ರಣ್ಣ ಮೊದಲು ಕೇಳುವುದು ಬಚ್ಚಲುಮನೆ ಎಲ್ಲಿ ಎಂದು. ಕೈಕಾಲು ತೊಳೆಯುವುದು ಬರೀ ನೆಪ. ಅಲ್ಲಿರುವ ನಲ್ಲಿಗಳನ್ನೆಲ್ಲ ಒಂದೊಂದಾಗಿ, ಕಿರ್ರೆಂದು ಸದ್ದು ಬರುವಷ್ಟು ಬಿಗಿದು ಬಂದ ಮೇಲೆಯೇ ಅವರ ಗಂಟಲಲ್ಲಿ ಚಹಾ ಇಳಿಯುವುದು. ಇವರು ಬಂದು ಹೋದ ಮೇಲೆ ನಲ್ಲಿ ತಿರುಗಿಸಲು ಗಂಡಸರನ್ನೇ ಕರೆಯಬೇಕಾಗುತ್ತದೆ ಎಂಬ ವರ್ತಕ ನಗರ ಬಡಾವಣೆಯ ನೆಂಟರ ದೂರು ಮಡದಿ ಮೋಹಿನಿಯಕ್ಕನ ಕಿವಿಗೆ ಆಗಾಗ ಬೀಳುತ್ತದೆ. ಬೇರೆ ಯಾರಾದರೂ ನಾಚಿ ತಲೆತಗ್ಗಿಸುತ್ತಿದ್ದರೋ ಏನೋ. ಮೋಹಿನಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾರೆ.

ಆ ಮುಷ್ಟಿಯ ಚರಿತ್ರೆ ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರು ನಡೆಸುತ್ತಿದ್ದ ಇಕ್ಕಟ್ಟಿನ ಹೋಟೆಲಿಗೆ ಮುನಿಸಿಪಾಲ್ಟಿಯ ನೀರು ನೆಂಟರಂತೆ ಬಂದು ನೆಂಟರಂತೆ ಹೋಗುತ್ತಿದ್ದ ಕಾಲದಲ್ಲಿ, ಎರಡು ಕೈಯಲ್ಲೂ ಬಕೆಟ್ಟು ಹೊತ್ತು ಹೊತ್ತು ಹರಿಶ್ಚಂದ್ರಣ್ಣನ ಭುಜಗಳು ಇಳಿದವು, ನಡಿಗೆ ಎಡಕ್ಕೆ ವಾಲಿತು; ಬನಿಯನ್ನಿನ ಮೇಲೆ ತೊಡುತ್ತಿದ್ದ ಬಿಳಿ ಅರ್ಧತೋಳಿನ ಅಂಗಿಯ ಅಂಚು ಸದಾ ಒದ್ದೆಯಾಗಿಯೇ ಇರುತ್ತಿತ್ತು. ನಲ್ಲಿಗಳನ್ನೆಲ್ಲ ಮುಟ್ಟಿ ನೋಡದೆ ಅವರು ಶಟರ್ ಎಳೆದದ್ದಿಲ್ಲ. “ಒಂದು ನಲ್ಲಿ ತೊಟ್ಟಿಕ್ಕಿದ್ರೆ ಟಾಂಕಿ ಖಾಲಿ. ಟಾಂಕಿ ಖಾಲಿಯಾದ್ರೆ ಬೆಳಿಗ್ಗೆ ಇಡ್ಲಿ ಎಲ್ಲಿಂದ ತರುದು, ಮಾರಾಯಾ?” ಎನ್ನುತ್ತಿದ್ದರು. ಸಂಸಾರವನ್ನು ಅವರು ನೀರು ಕಾದೇ ಸಾಕಿದರು.

ಮಗ ಸೂರಜ್ ಘೋಡಬಂದರ್ ರಸ್ತೆಯಲ್ಲಿ ಹಳೆಯ ಮಾಲೀಕರಿಂದ ಫ್ಲ್ಯಾಟು ಕೊಂಡಾಗ ಅದರ ಬಚ್ಚಲಿನಲ್ಲೊಂದು ದೊಡ್ಡ ಬಿಳಿಯ ಬಾತ್‌ಟಬ್ ಕೂತಿತ್ತು. ಹರಿಶ್ಚಂದ್ರಣ್ಣ ಅದನ್ನು ಕಂಡು ಹೌಹಾರಿದರು. “ಎಂತದಿದು, ಸ್ನಾನಕ್ಕೋ ಕಂಬಳಕ್ಕೋ? ಇದ್ರಲ್ಲಿ ಒಂದು ಜೊತೆ ಕೋಣ ಇಳಿಸ್ಬಹುದಲ್ಲ!” ಆದರೆ ಹೋಟೆಲಿನ ಒಲೆಯ ಮುಂದೆ ನಿಂತೂ ನಿಂತೂ ಸವೆದಿದ್ದ ಮೋಹಿನಿಯಕ್ಕನ ಮೊಣಕಾಲುಗಳು ಅದರ ಬಿಸಿನೀರಿನಲ್ಲಿ ಒಮ್ಮೆ ಚೆನ್ನಾಗಿ ನೆನೆದವು, ಅಂದು ಅವರು ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ನಡೆದು ಹೋದರು. ಗಂಡ ಅದನ್ನು ನೋಡಿದರು. ಮರುದಿನ ಹಳೆಯ ಹೋಟೆಲಿನ ಮರದ ಸ್ಟೂಲೊಂದು ಟಬ್ಬಿನ ಪಕ್ಕ ಬಂದು ಕೂತಿತು. ಅದನ್ನು ಮೆಟ್ಟಿ, ಗಂಡನ ಇಳಿದ ಭುಜದ ಮೇಲೆ ಕೈಯಿಟ್ಟು ಅವರು ಟಬ್ಬಿಗೆ ಇಳಿಯತೊಡಗಿದರು. ಕಂಬಳದ ಮಾತು ಮತ್ತೆ ಬರಲಿಲ್ಲ.

ಕೇಡು ಹನಿಯಾಗಿ ಬಂತು. ಟಬ್ಬಿನ ನಲ್ಲಿ ಸೋರತೊಡಗಿತು. ಟ್ಯಾಂಕರ್ ನೀರಿನಲ್ಲಿದ್ದ ಕಬ್ಬಿಣದ ಅಂಶ ನಲ್ಲಿಯ ಬಾಯಿಂದ ನೀರು ಹೋಗುವ ತೂತಿನವರೆಗೆ ಕಂದು ಬಣ್ಣದ ಗೆರೆ ಎಳೆಯಿತು. ನಲ್ಲಿಯೊಳಗಿನ ವಾಯ್ಸರ್ ಎಂಬ ರಬ್ಬರ್ ಬಿಲ್ಲೆಯನ್ನು ಬದಲಿಸಿದರೂ ಸ್ವಲ್ಪ ದಿನಕ್ಕೇ ಅದೇ ಕತೆ. ಸೂರಜನ ತಾಳ್ಮೆ ತಪ್ಪಿತು. “ಅಪ್ಪ, ಬಸ್ ಹೋ ಗಯಾ, ಸಾಕಾಯ್ತು. ಚೌತಿ ಮುಗಿದ ಮೇಲೆ ಟಬ್ ಒಡೆಸಿ ಶವರ್ ಹಾಕ್ಸುವ. ಗಾರೆಯ ಮಿಸ್ತ್ರಿಗೆ ಹೇಳಿ ಆಗಿದೆ.”

ಹರಿಶ್ಚಂದ್ರಣ್ಣ ಸೋಲೊಪ್ಪುವ ಆಸಾಮಿಯೇ? ಊರಿನಲ್ಲಿ ತಾಮ್ರದ ಹಂಡೆ ಬೆಳಗುತ್ತಿದ್ದ ನೆನಪಿನಿಂದ ಹುಣಿಸೆಹುಳಿ, ಉಪ್ಪು, ತೆಂಗಿನ ನಾರು ಹಿಡಿದು ಸ್ಟೂಲಿನ ಮೇಲೆ ಕೂತರು. ಕಲೆ ತುಸು ತೆಳುವಾಯಿತು. ಇಷ್ಟು ಹುಳಿಗೇ ಇಷ್ಟು ಫಲವಾದರೆ ಇನ್ನೂ ಹುಳಿಯಾದದ್ದು ಹಾಕಿದರೆ ಹೇಗೆ ಎಂದು ಯೋಚಿಸಿ, ಉಡುಪಿಯಿಂದ ಬಂದಿದ್ದ ಪುನರ್ಪುಳಿಯ, ಎಂದರೆ ಕೋಕಂ ಹಣ್ಣಿನ, ಸಿಪ್ಪೆಯನ್ನು ನೆನೆಸಿ ಟಬ್ಬಿನ ತುಂಬ ಹರಡಿ ಮಧ್ಯಾಹ್ನವಿಡೀ ಬಿಟ್ಟರು. ಕಲೆ ಇದ್ದಲ್ಲೇ ಇತ್ತು. ಟಬ್ಬಿಗೆ ಮಾತ್ರ ಶರಬತ್ತಿನ ಕೆಂಪು ಬಣ್ಣ ಬಂತು. ಮೋಹಿನಿಯಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. “ನಗು, ನಗು. ಈ ಟಬ್ಬನ್ನು ಒಡೀಲಿಕ್ಕೆ ನಾನು ಬಿಡುದಿಲ್ಲ,” ಎಂದವರೇ ಅದನ್ನೂ ಉಜ್ಜಿ ತೆಗೆದು ಮತ್ತೆ ಹುಣಿಸೆಗೆ ಮರಳಿದರು. ಉಜ್ಜಿ ಮುಗಿಸಿ ಏಳುವಾಗ ಪ್ರತಿಸಲವೂ ನಲ್ಲಿಯನ್ನು ಇನ್ನಷ್ಟು ಬಿಗಿಯುತ್ತಿದ್ದರು.

ಮೋಹಿನಿಯಕ್ಕನ ನಗು ನಿಲ್ಲುತ್ತಿದ್ದದ್ದು ಅಲ್ಲಿಯೇ. ರೋಗದ ಮೂಲ ಆ ಮುಷ್ಟಿಯೇ ಎಂದು ಅವರಿಗೆ ಎಂದೋ ತಿಳಿದಿತ್ತು. ಟಬ್ ಹೋದರೆ ಹೋಗಲಿ, ಗೋಡೆ ಹಿಡಿದು ನಡೆದರಾಯಿತು. ಜೀವಮಾನವಿಡೀ ನೀರು ಕಾದ ಮನುಷ್ಯನಿಗೆ ನೀರು ಪೋಲಾಗುತ್ತಿರುವುದು ನಿಮ್ಮಿಂದಲೇ ಎಂದು ಹೇಳುವುದು ಹೇಗೆ?

ಹೇಳಿದವನು ಪ್ಲಂಬರ್ ಹಿತೇಶ್. ಚೌತಿ ಹತ್ತಿರ ಬಂದಾಗ ಕೊನೆಯ ಪ್ರಯತ್ನವೆಂದು ಕರೆಸಿದ್ದರು. ವಾಯ್ಸರ್ ಬಿಚ್ಚಿ ಬೆಳಕಿಗೆ ಹಿಡಿದ ಅವನು, “ಕಾಕಾ, ಯೇ ತೋ ಕಟ್ ಗಯಾ ಹೈ. ಇತನಾ ಜೋರ್ ಸೇ ಕೌನ್ ಕಸತಾ ಹೈ?” ಎಂದು, ಅದು ಕತ್ತರಿಸಿ ಹೋಗುವಷ್ಟು ಜೋರಾಗಿ ಬಿಗಿಯುವವರು ಯಾರೆಂದು ಕೇಳಿದ. ಸೂರಜ್ ಮೊಬೈಲು ನೋಡಿದ. ಮೋಹಿನಿಯಕ್ಕ ನೆಲ ನೋಡಿದರು. ಹರಿಶ್ಚಂದ್ರಣ್ಣ ಆ ರಬ್ಬರಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು, ಅದರ ಮೇಲೆ ಉಂಗುರದಂತೆ ಆಳವಾಗಿ ಕೊರೆದಿದ್ದ ಗಾಯವನ್ನು ಹೆಬ್ಬೆರಳಿನಿಂದ ಸವರಿದರು.

“ನಾನೇ,” ಎಂದರು, ಎಲ್ಲರಿಗೂ ಕೇಳುವಂತೆ. “ಇದು ನನ್ನದೇ ಕೈ.” ಆಮೇಲೆ ಮಡದಿಯ ಕಡೆ ತಿರುಗಿ, “ನಿನಗೆ ಗೊತ್ತಿತ್ತು. ಹೇಳ್ಲಿಕ್ಕೆ ಎಂತ ಆಗಿತ್ತು?”

“ಹೇಗೆ ಹೇಳುದು ಮಾರಾಯ್ರೆ? ನಮ್ಗೆ ಅನ್ನ ಹಾಕಿದ್ದು ಅದೇ ಕೈ ಅಲ್ವಾ?”

ಹೊಸ ವಾಯ್ಸರ್ ಕೂತಿತು. ಕಷ್ಟದ ಕೆಲಸ ಆಮೇಲಿನದು. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯ ಎರಡೇ ಬೆರಳಿನಿಂದ ನಲ್ಲಿ ಮುಚ್ಚುವುದನ್ನು ಹರಿಶ್ಚಂದ್ರಣ್ಣ ಅಭ್ಯಾಸ ಮಾಡಿದರು. ಮುಚ್ಚಿ ಸ್ಟೂಲಿನ ಮೇಲೆ ಕೂತು, ಹನಿ ಬೀಳುತ್ತದೇನೋ ಎಂದು ಕಿವಿಗೊಟ್ಟು ಕಾಯುತ್ತಿದ್ದರು. ಬಲಗೈ ಬೆನ್ನ ಹಿಂದೆ ಚಡಪಡಿಸುತ್ತಿತ್ತು, ಅವರು ಅದನ್ನು ಮುಂದೆ ಬರಲು ಬಿಡಲಿಲ್ಲ. ಹನಿ ಬೀಳಲಿಲ್ಲ, ಹುಣಿಸೆಯಲ್ಲಿ ಉಜ್ಜಿ ತೆಗೆದ ಗೆರೆ ಮರಳಲಿಲ್ಲ, ಸೂರಜ್ ಮಿಸ್ತ್ರಿಗೆ ಬೇಡವೆಂದ.

ಚೌತಿಯ ಬೆಳಿಗ್ಗೆ ಮೋಹಿನಿಯಕ್ಕ ಬಿಸಿನೀರಿನಲ್ಲಿ ಕಾಲು ಚಾಚಿ ಕೂತಿದ್ದಾಗ ನಲ್ಲಿ ಮುಚ್ಚಲು ಗಂಡ ಬಗ್ಗಿದರು. ಹಳೆಯ ರೂಢಿಯಿಂದ ಬಲಗೈಯೇ ಮುಂದೆ ಬಂತು, ಬೆರಳುಗಳು ಬಿಗಿಯಾದವು, ಅರೆಕ್ಷಣ ತಡೆದು, ತಾವಾಗಿ ಸಡಿಲಾದವು. ಆ ಕೈಯನ್ನು ಮೋಹಿನಿಯಕ್ಕ ಒದ್ದೆ ಕೈಯಿಂದ ಹಿಡಿದುಕೊಂಡರು. ತೊಟ್ಟು ನೀರನ್ನೂ ಕಾದು ಸಂಸಾರ ಕಟ್ಟಿದ ಈ ಬಗೆಯ ಗಂಡಸರನ್ನು ಲೋಕ ಜಿಪುಣರೆಂದೋ ಹಟಮಾರಿಗಳೆಂದೋ ಕರೆದು ಸುಮ್ಮನಾಗುತ್ತದೆ. ಬಿಗಿಹಿಡಿದದ್ದರಿಂದಲೇ ಬದುಕು ಉಳಿಯಿತೆಂದು ನಂಬಿದವರು ಅವರು. ಆ ನಂಬಿಕೆ ಸುಳ್ಳೂ ಆಗಿರಲಿಲ್ಲ. ಅಂಥವರೊಬ್ಬರು ಇಳಿವಯಸ್ಸಿನಲ್ಲಿ, ಹೆಂಡತಿಯ ಮೊಣಕಾಲಿನ ಸಲುವಾಗಿ, ಮುಷ್ಟಿ ಸಡಿಲಿಸಲು ಕಲಿತರೆಂದರೆ, ಬಕೆಟ್ಟು ಹೊತ್ತ ಆ ವರ್ಷಗಳೆಲ್ಲ ಯಾರಿಗಾಗಿ ಎಂಬುದನ್ನು ಅವರು ಮರೆತಿರಲಿಲ್ಲ ಎಂದೇ ಅರ್ಥ.