ಕಪ್ಪು ದಾರದ ಹತ್ತು ಮರಿಗಳು

ಹನ್ನೊಂದು ವರ್ಷ ಕೋಳಿಮರಿಗಳ ನಡುವೆಯೇ ಕೆಲಸ ಮಾಡಿದವಳಿಗೆ ಮರಿ ಸಾಕುವುದು ಹೇಗೆಂದೇ ಗೊತ್ತಿರಲಿಲ್ಲ ಎಂದರೆ ಯಾರಾದರೂ ನಕ್ಕಾರು. ಆದರೆ ನಿಜ. ಮೊಟ್ಟೆಯೊಡೆದು ಒಂದು ದಿನವೂ ತುಂಬದ ಮರಿ ಅವಳ ಮೇಜಿಗೆ ಬರುತ್ತಿತ್ತು. ಎಡಗೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಿ ನೋಡುತ್ತಿದ್ದಳು. ರೆಕ್ಕೆಯಂಚಿನ ಗರಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೇಂಟೆ, ಬಲಗಡೆಯ ಪೆಟ್ಟಿಗೆಗೆ. ಎಲ್ಲ ಒಂದೇ ಸಮ ಇದ್ದರೆ ಹುಂಜ. ಎಡಗಡೆಯ ತಗಡಿನ ಕೊಳವೆಗೆ. ಪೆಟ್ಟಿಗೆಯವು ಮೊಟ್ಟೆ ಕೋಳಿ ಸಾಕುವವರ ಮನೆ ಸೇರುತ್ತಿದ್ದವು. ಕೊಳವೆಯವು ಸಂಜೆಯ ತನಕ ಉಳಿಯುತ್ತಿರಲಿಲ್ಲ. ಒಂದು ಮರಿ ಅವಳ ಕೈಯಲ್ಲಿ ಇರುತ್ತಿದ್ದುದು ಮೂರು ಕ್ಷಣ, ಹೆಚ್ಚೆಂದರೆ ನಾಲ್ಕು.

ಮರಿಕೇಂದ್ರದಲ್ಲಿ ಎಲ್ಲರೂ ಅವಳನ್ನು ಹದ್ದಕ್ಕ ಎನ್ನುತ್ತಿದ್ದರು. ಹದ್ದಿನ ಕಣ್ಣು ಎಂಬ ಹೊಗಳಿಕೆಯೂ ಅದರಲ್ಲಿತ್ತು, ಮೂಗಿನ ತುದಿಯ ಮೇಲಿನ ಸಿಟ್ಟಿಗೆ ಹೆದರಿಕೆಯೂ ಇತ್ತು.

ಆ ದಿನ ಬೆಳಿಗ್ಗೆ ಅಳಿಯ ಬಂದ. ಅಳಿಯ ಎಂದರೆ ಯಜಮಾನರ ಮಗಳ ಗಂಡ. ಆರು ತಿಂಗಳಿಂದ ಮೇಲ್ವಿಚಾರಣೆ ಅವನದೇ. ಕೈಯಲ್ಲಿದ್ದ ಕಾಗದಗಳನ್ನು ಅವಳ ಮೇಜಿನ ಮೇಲೆ ಎಸೆದ.

"ಇದೇನು ಗೊತ್ತಾ? ದೂರು. ಹೇಂಟೆ ಅಂತ ಕೊಂಡೊಯ್ದವರ ಮನೇಲಿ ಹುಂಜ ಕೂಗ್ತಾ ಇದೆಯಂತೆ. ನೂರಕ್ಕೆ ಮೂವತ್ತು!"

ಸಾಲಿನಲ್ಲಿದ್ದ ಹದಿನಾಲ್ಕು ಹೆಂಗಸರ ಕೈಗಳು ನಿಂತವು.

"ನನ್ನ ಮೇಜಿಂದ ಹೋದ ಮರಿ ಹಾಗಾಗಲ್ಲ ಸಾರ್," ಅಂದಳು. "ನೀವು ಹೊಸ ಕಡೆಯಿಂದ ಮೊಟ್ಟೆ ತರಿಸೋಕೆ ಶುರು ಮಾಡಿದಿರಲ್ಲ, ಆ ತಳಿಗೆ ಈ ಗರಿ ನೋಡೋ ಲೆಕ್ಕ ಹೊಂದಲ್ಲ ಅನ್ಸುತ್ತೆ. ಅದರಲ್ಲಿ ಹುಂಜಕ್ಕೂ ಉದ್ದ ಗಿಡ್ಡ ಬರ್ತಿರಬೇಕು."

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಕಣ್ಣು ಹೋಗಿದೆ ನಿಂಗೆ. ವಯಸ್ಸಾಯ್ತು, ಒಪ್ಕೊ. ನಾಳೆಯಿಂದ ಮರಿ ತಟ್ಟೆ ತೊಳಿ."

ಅವಳಿಗೆ ನಲವತ್ತಮೂರು ವರ್ಷ. ಪಕ್ಕದ ಮೇಜಿನ ಕುಳ್ಳಿ ತಲೆ ತಗ್ಗಿಸಿ ಏನೋ ಗೊಣಗಿದಳು. ಅದು ಅವಳಿಗೇ ಕೇಳಿಸಿತೋ ಇಲ್ಲವೋ.

ಹದ್ದಕ್ಕನಿಗೆ ಮೈಯೆಲ್ಲ ಉರಿಯಿತು. ಅಳಿಯನ ಕೆನ್ನೆಗೆ ಬಾರಿಸದೆ ಇರಲು ಅವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಅವನು ಹೊರಟುಹೋದ ಮೇಲೆ ಕುಳ್ಳಿಯನ್ನು ಕರೆದಳು.

"ಹಳೆ ತಳಿ ತಟ್ಟೆಯಿಂದ ಹತ್ತು, ಹೊಸದರಿಂದ ಹತ್ತು. ಎಲ್ಲಾ ಹೇಂಟೆ ಗುರುತಿನವೇ. ನಾನು ಆರಿಸಿ ಕೊಡ್ತೀನಿ, ನೀನು ಕಾಲಿಗೆ ದಾರ ಕಟ್ಟು. ಹಳೇದಕ್ಕೆ ಕೆಂಪು, ಹೊಸದಕ್ಕೆ ಕಪ್ಪು."

"ಏನ್ ಮಾಡ್ತೀಯಕ್ಕ?"

"ಸಾಕ್ತೀನಿ. ಜುಟ್ಟು ಬರೋ ತನಕ ಸಾಕ್ತೀನಿ. ಆಮೇಲೆ ಅವನ ಮುಖಕ್ಕೆ ಹಿಡೀತೀನಿ."

ಇಪ್ಪತ್ತು ಮರಿಗೆ ಕೇಂದ್ರದ ಕಚೇರಿಯಲ್ಲಿ ದುಡ್ಡು ಕೊಟ್ಟು, ಚೀಟಿ ಬರೆಸಿಕೊಂಡು, ತೂತು ಕೊರೆದ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ ಹತ್ತಿದಳು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವಷ್ಟು ಜಾಗ. ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಅವನ ಡಬ್ಬ, ಏಣಿ, ಕುಂಚಗಳೇ ಅರ್ಧ ಕೋಣೆ ತಿಂದಿದ್ದವು. ಅತ್ತೆ ಪೆಟ್ಟಿಗೆಯೊಳಗೆ ಇಣುಕಿದವರೇ ಬಾಯಿಗೆ ಸೆರಗು ಹಿಡಿದರು.

"ಸರಿಹೋಯ್ತು. ಹದ್ದಿನ ಕೈಗೆ ಕೋಳಿಮರಿ ಕೊಟ್ಟ ಹಾಗಾಯ್ತು."

"ನಗ್ಬೇಡಿ ಅತ್ತೆ. ನಂಗೆ ಮೈ ಉರೀತಿದೆ."

"ನಿಂಗೆ ಮೈ ಉರಿದ್ರೆ ಪಾಪ ಅವಕ್ಕೇನಮ್ಮ? ಅವಕ್ಕೆ ಚಳಿ. ನೋಡು, ಹೇಗೆ ಒಂದರ ಮೇಲೊಂದು ಬೀಳ್ತಿವೆ."

ನಿಜವೇ. ಮರಿಗೆ ಬಿಸಿ ಬೇಕೆಂಬುದು ಅವಳಿಗೆ ಗೊತ್ತಿತ್ತು, ಆದರೆ ಕೇಂದ್ರದಲ್ಲಿ ಅದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಗಂಡ ಹೊರಗೆ ಹೋಗಿ ಹಳೆಯ ಬಲ್ಬು, ವೈರು ತಂದು ಪೆಟ್ಟಿಗೆಯ ಮೇಲೆ ಇಳಿಬಿಟ್ಟ. ತುಂಬ ಕೆಳಗಾಯಿತು, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತ ಮೂಲೆಗೆ ಓಡಿದವು. ಮೇಲೆತ್ತಿದರೆ ಮತ್ತೆ ಗುಂಪುಗೂಡಿ ಚೀರಿದವು. ಸರಿಯಾದ ಎತ್ತರ ಸಿಗುವಷ್ಟರಲ್ಲಿ ಗಂಡ ಹೆಂಡತಿ ಎರಡು ಸಲ ಜಗಳವಾಡಿದ್ದರು.

ಎರಡನೆಯ ದಿನ ಕೆಲಸದಿಂದ ಬಂದು ನೋಡಿದರೆ ನೀರಿನ ಬಟ್ಟಲಿನಲ್ಲಿ ಕಪ್ಪು ದಾರದ ಒಂದು ಮರಿ ಮುಖ ಕೆಳಗಾಗಿ ತೇಲುತ್ತಿತ್ತು. ಎರಡು ಬೆರಳು ಆಳದ ನೀರು. ಅವಳು ಬಟ್ಟಲನ್ನು ಎತ್ತಿ ಅಂಗಳಕ್ಕೆ ಬೀಸಿ ಎಸೆದಳು. ಯಾಕೆ ನೋಡಲಿಲ್ಲ ಎಂದು ಅತ್ತೆಯ ಮೇಲೆ ಕೂಗಾಡಿದಳು. ಬಟ್ಟಲು ಇಟ್ಟಿದ್ದು ತಾನೇ ಎಂಬುದು ನೆನಪಾದಾಗ ಸಿಟ್ಟು ಇನ್ನಷ್ಟು ಏರಿತು. ಅತ್ತೆ ಒಂದು ತಟ್ಟೆ ತಂದು, ಅದರ ತುಂಬ ಬೆಣಚುಕಲ್ಲು ಹರವಿ, ಸಂದಿಯಲ್ಲಿ ಮಾತ್ರ ನಿಲ್ಲುವಷ್ಟು ನೀರು ಸುರಿದರು.

ನಾಲ್ಕನೆಯ ದಿನ ಇನ್ನೊಂದು ಪಾಠ. ಕೆಲವು ಮರಿಗಳ ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ಒಣಗಿ ದ್ವಾರವೇ ಮುಚ್ಚಿಹೋಗಿತ್ತು. ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದನ್ನೇ ಒರೆಸುತ್ತ ಕುಳಿತಳು. ಹಗಲೆಲ್ಲ ಕೇಂದ್ರದಲ್ಲಿ ತಟ್ಟೆಗಳ ಹಿಕ್ಕೆ ತೊಳೆಯುವುದು, ಮನೆಗೆ ಬಂದರೆ ಮರಿಗಳ ಹಿಕ್ಕೆ ತೊಳೆಯುವುದು. "ನಿನ್ನ ಮನೆ ಹಾಳಾಗ," ಎಂದು ಅಳಿಯನನ್ನು ಬೈಯುತ್ತ ಒರೆಸುತ್ತಿದ್ದಳು. ಬೈಗುಳ ಬಿರುಸಾಗಿತ್ತು. ಕೈ ಮಾತ್ರ ತಾನಾಗಿಯೇ ಮೆತ್ತಗಾಗುತ್ತಿತ್ತು, ಏಕೆಂದರೆ ಒತ್ತಿದರೆ ಮರಿ ಕಿರುಚುತ್ತಿತ್ತು.

ಎರಡನೆಯ ವಾರ ಒಂದು ಮಧ್ಯಾಹ್ನವೆಲ್ಲ ಕರೆಂಟು ಹೋಯಿತು. ಅತ್ತೆ ಬಾಟಲಿಗಳಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಟ್ಟಿದ್ದರೂ ಕೆಂಪು ದಾರದ್ದೊಂದು ಉಳಿಯಲಿಲ್ಲ. ಉಳಿದವು ಹದಿನೆಂಟು. ಹಳೆಯವು ಒಂಬತ್ತು, ಹೊಸವು ಒಂಬತ್ತು.

ಕೇಂದ್ರದಲ್ಲಿ ಅಳಿಯ ದಿನಕ್ಕೊಮ್ಮೆ ತೊಳೆಯುವ ತೊಟ್ಟಿಯ ಪಕ್ಕ ಹಾದು ಹೋಗುತ್ತಿದ್ದ. "ಹದ್ದಕ್ಕ, ತಟ್ಟೆ ಕಾಣ್ಸುತ್ತಾ?" ಎನ್ನುತ್ತಿದ್ದ. ಹಿಂದೆ ಬರುವ ಗುಮಾಸ್ತ ನಗುತ್ತಿದ್ದ. ಅವಳು ಮನೆಗೆ ಬಂದು ಬೆಳೆಯುತ್ತಿರುವ ಕಾಲುಗಳ ದಾರವನ್ನು ಸಡಿಲಿಸಿ ಕಟ್ಟುತ್ತಿದ್ದಳು. ಮರಿಗಳ ಹಳದಿ ತುಪ್ಪಳ ಉದುರಿ, ಅಲ್ಲಲ್ಲಿ ಗರಿ ಮೂಡಿ, ನೋಡಲು ತೇಪೆ ಹಾಕಿದ ಹಾಗಿದ್ದವು. ಮರಿ ಇಷ್ಟು ವಿಕಾರವಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವು ಪೆಟ್ಟಿಗೆಯಿಂದ ಹಾರಿದವು, ಬಣ್ಣದ ಡಬ್ಬದ ಮೇಲೆ ಕೂತವು, ಒಂದು ನೀಲಿ ಬಣ್ಣದಲ್ಲಿ ಕಾಲದ್ದಿ ಹಾಸಿಗೆಯ ಉದ್ದಕ್ಕೂ ನಡೆಯಿತು. ಗಂಡ ಮರುದಿನವೇ ಹಿತ್ತಲಲ್ಲಿ ಹಲಗೆ ಹೊಡೆದು ಗೂಡು ಮಾಡಿದ.

ಆರನೆಯ ವಾರ ಅವಳಿಗೆ ನಿದ್ದೆ ಕೆಟ್ಟಿತು. ಕೆಂಪು ದಾರದ ಒಂದು ಮರಿಯ ಜುಟ್ಟು ಉಳಿದವಕ್ಕಿಂತ ದಪ್ಪವಾಗಿ, ಕೆಂಪಾಗಿ ಏರುತ್ತಿತ್ತು. ಹಳೆಯ ತಳಿ. ತಾನೇ ನೋಡಿ ಆರಿಸಿದ್ದು. ಇದು ಹುಂಜವಾದರೆ ಅವನು ಹೇಳಿದ್ದೇ ಸರಿ. ಅದನ್ನು ಎತ್ತಿ ಬೆಳಕಿಗೆ ಹಿಡಿದಳು, ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಳು. "ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ಏನೂ ಬೇಡ," ಎಂದ ಅಂಗಡಿಯವನ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಒಂದು ವಾರ ದಿನವೂ ಅದನ್ನೇ ಎತ್ತಿ ನೋಡಿದಳು. ಆಮೇಲೆ ಆ ಜುಟ್ಟು ಅಲ್ಲಿಗೇ ನಿಂತಿತು. ಹೇಂಟೆಯೇ, ಸ್ವಲ್ಪ ಶೋಕಿಯ ಹೇಂಟೆ ಅಷ್ಟೆ. ಕಪ್ಪು ದಾರದವುಗಳಲ್ಲಿ ಐದರ ಜುಟ್ಟು ಮಾತ್ರ ನಿಲ್ಲದೆ ಏರಿತು, ಬಾಲ ಬಾಗಿತು. ಒಂಬತ್ತನೆಯ ವಾರ ಒಂದು ಬೆಳಿಗ್ಗೆ ಅವುಗಳಲ್ಲೊಂದು ಕತ್ತು ಚಾಚಿ, ಒಡೆದ ಗಂಟಲಲ್ಲಿ ಕೂಗಿತು.

ಅತ್ತೆ ಅಡುಗೆಮನೆಯಿಂದ ಓಡಿಬಂದರು. "ಕೂಗ್ತು ಕಣೇ! ಕಪ್ಪು ದಾರದ್ದೇ!"

ಅವಳು ಎರಡು ಬುಟ್ಟಿ ತುಂಬಿಕೊಂಡು, ಗಂಡನ ಸೈಕಲ್ಲಿಗೆ ಹೇರಿಕೊಂಡು ಹೊರಟಳು.

ಯಜಮಾನರು ವಾರಕ್ಕೊಂದು ದಿನ ಕೇಂದ್ರಕ್ಕೆ ಬರುತ್ತಿದ್ದರು. ಅಂದು ಅದೇ ದಿನ. ಹೆಂಗಸರೆಲ್ಲ ಮೇಜಿನಲ್ಲಿ ಕೂತಿದ್ದಾಗ ಅವಳು ಸಾಲಿನ ನಡುವೆ ಬುಟ್ಟಿ ಇಳಿಸಿ, ಕೆಂಪು ದಾರ ಹಳೆ ತಳಿ, ಕಪ್ಪು ಹೊಸದು ಎಂದು ಯಜಮಾನರಿಗೆ ಚೀಟಿ ಚಾಚಿದಳು. ಯಜಮಾನರು ಕೋಳಿಗಳನ್ನು ಒಂದೊಂದಾಗಿ ಎತ್ತಿ ದಾರ ನೋಡಿದರು. ಕೆಂಪು, ಒಂಬತ್ತೂ ಹೇಂಟೆ. ಕಪ್ಪು, ನಾಲ್ಕು ಹೇಂಟೆ, ಐದು ಹುಂಜ.

"ಮಾವಾ, ಮನೇಲಿ ದಾರ ಬದಲಾಯಿಸೋಕೆ ಎಷ್ಟೊತ್ತು ಬೇಕು?" ಎಂದ ಅಳಿಯ.

ಅವಳು ಅವನ ಕಡೆ ತಿರುಗಿದಳು. ಒಂಬತ್ತು ವಾರದ ಮಾತು ಒಟ್ಟಿಗೆ ಬಂತು.

"ಸರಿ ಸಾರ್, ದಾರ ಸುಳ್ಳು ಅಂತಲೇ ಇಟ್ಕೊಳ್ಳೋಣ. ಒಂಬತ್ತು ವಾರದಿಂದ ನಾನು ತಟ್ಟೆ ತೊಳೀತಿದೀನಿ. ಒಂದು ಮರೀನೂ ನನ್ನ ಕೈಗೆ ಬಂದಿಲ್ಲ. ನಾನು ಮೇಜಿಂದ ಎದ್ದ ಮೇಲೆ ಹೋದ ಮರಿಗಳ ದೂರು ಬರೋಕೆ ಶುರುವಾಗಿದೆಯೋ ಇಲ್ವೋ? ಯಜಮಾನ್ರಿಗೆ ಆ ಕಾಗದ ತೋರಿಸಿ. ಯಾರ ಕಣ್ಣು ಹೋಗಿದೆ ನೋಡೋಣ!"

ಅಳಿಯ ಗುಮಾಸ್ತನ ಕಡೆ ನೋಡಿದ. ಗುಮಾಸ್ತ ನೆಲ ನೋಡಿದ. ಯಜಮಾನರು ಕೈ ಚಾಚಿದಾಗ ಗುಮಾಸ್ತ ದೂರಿನ ಕಡತ ಕೊಡಲೇಬೇಕಾಯಿತು. ಮೇಲಿನ ನಾಲ್ಕು ಕಾಗದವೂ ಹಿಂದಿನ ವಾರದವು, ಅವಳು ಮೇಜು ಬಿಟ್ಟ ಮೇಲೆ ಮಾರಿದ ಮರಿಗಳವು.

"ದಾರ ಕಟ್ಟಿದ್ದು ನಾನು," ಎಂದಳು ಕುಳ್ಳಿ. ಈ ಸಲ ಎಲ್ಲರಿಗೂ ಕೇಳಿಸಿತು. "ಇದೇ ಗಂಟು. ಅಕ್ಕ ಸಡಿಲ ಮಾಡಿದಾಳೆ, ದಾರ ಬೇರೆ ಅಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆಯಿಂದ ನಿನ್ನ ಮೇಜಿಗೆ ಕೂತ್ಕೊಳಮ್ಮ."

"ಅಷ್ಟೇನಾ?"

"ಇನ್ನೇನು?"

"ಅಂದಿದ್ದು ಎಲ್ಲರ ಎದುರಿಗೆ. ಹಿಂದಕ್ಕೆ ತಗೊಳ್ಳೋದೂ ಎಲ್ಲರ ಎದುರಿಗೇ ಆಗ್ಲಿ."

ಅಳಿಯನ ಕುತ್ತಿಗೆ ಕೆಂಪಾಯಿತು. "ಆಯ್ತಮ್ಮ, ಏನೋ ತಪ್ಪಾಯ್ತು. ಸಾಕಾ?"

"ಸಾಲದು. ಯಾರದ್ದು ತಪ್ಪು?"

ಅವನು ಮಾವನ ಮುಖ ನೋಡಿದ. "ನಂದು. ಮೊಟ್ಟೆ ತರಿಸಿದ್ದು ನಾನು. ನಿನ್ನ ಕಣ್ಣು ಸರಿಯಾಗಿದೆ," ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೊರನಡೆದ.

ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಯಜಮಾನರು ಅವಳ ಹೆಗಲು ತಟ್ಟುವ ಧಾಟಿಯಲ್ಲಿ, "ಹೇಂಟೆ ಮನೆಗೆ ಒಯ್ದು ಸಾಕ್ಕೊ. ಈ ಐದು ಹುಂಜ ಇಲ್ಲೇ ಬಿಟ್ಟುಬಿಡು, ಸುಮ್ನೆ ಮೇವು ದಂಡ," ಎಂದರು.

ಹುಂಜಗಳಲ್ಲಿ ದೊಡ್ಡದು, ನೀಲಿ ಬಣ್ಣದಲ್ಲಿ ನಡೆದದ್ದು, ಬುಟ್ಟಿಯ ಸಂದಿಯಿಂದ ಅವಳ ಬಳೆ ಕುಕ್ಕುತ್ತಿತ್ತು.

"ಬಿಡಲ್ಲ," ಎಂದಳು. ತಾನು ಅಷ್ಟು ಜೋರಾಗಿ ಹೇಳುತ್ತೇನೆಂದು ಅವಳಿಗೇ ತಿಳಿದಿರಲಿಲ್ಲ.

ಮರುದಿನ ತನ್ನ ಮೇಜಿಗೆ ಕೂತಳು. ಹೆಬ್ಬೆರಳು ಏನನ್ನೂ ಮರೆತಿರಲಿಲ್ಲ. ಬಲಕ್ಕೆ, ಬಲಕ್ಕೆ, ಎಡಕ್ಕೆ. ಎಡಕ್ಕೆ ಬೀಳುವ ಪ್ರತಿ ಮರಿಗೂ ಅವಳ ಸಿಟ್ಟು ಏರಿತು. ಈ ಸಲ ಬೈಯಲು ಅಳಿಯನ ತಪ್ಪೂ ಇರಲಿಲ್ಲ. ಊಟದ ಗಂಟೆ ಹೊಡೆಯುವ ತನಕ ಹಲ್ಲು ಕಚ್ಚಿ ಕೆಲಸ ಮಾಡಿದಳು. ಆಮೇಲೆ ಎದ್ದು ಯಜಮಾನರಿಗೆ ಫೋನು ಮಾಡಿ, ತನಗೆ ಪೆಟ್ಟಿಗೆ ಕಟ್ಟುವ ಕೆಲಸ ಕೊಡಿ ಎಂದಳು.

"ಆ ಮೇಜಿಗಾಗಿ ಅಷ್ಟು ಜಗಳ ಆಡಿದ್ಯಲ್ಲಮ್ಮ!"

"ಜಗಳ ಆಡಿದ್ದು ಸುಳ್ಳು ಹೇಳಿದ್ದಕ್ಕೆ. ಮೇಜಿಗಲ್ಲ."

ಪೆಟ್ಟಿಗೆ ಕಟ್ಟುವವರ ಸಂಬಳ ಕಡಿಮೆ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಅವಳ ಮೇಜಿಗೆ ಕುಳ್ಳಿ ಬಂದಳು. ಮರಿಗಳು ಕೊಳವೆಗೆ ಬೀಳುವುದು ನಿಲ್ಲಲಿಲ್ಲ, ಅದು ಹದ್ದಕ್ಕನಿಗೂ ಗೊತ್ತಿತ್ತು. ಹೊಸ ಕಡೆಯ ಮೊಟ್ಟೆ ಮಾತ್ರ ಮತ್ತೆ ಬರಲಿಲ್ಲ.

ಐದು ಹುಂಜಗಳು ಹಿತ್ತಲಲ್ಲಿ ಸರದಿಯ ಮೇಲೆ ಕೂಗುತ್ತಿವೆ. ಮೊನ್ನೆ ಪಕ್ಕದ ಮನೆಯವನು ಗೋಡೆಯ ಮೇಲೆ ತಲೆ ಹಾಕಿ, "ಏನಮ್ಮಾ ಇದು, ಮನುಷ್ಯರು ಮಲಗೋದು ಬೇಡ್ವಾ? ಕೂಗೋದನ್ನ ಕತ್ತರಿಸಿ ಹಾಕಬಾರ್ದಾ?" ಎಂದ.

ಹದ್ದಕ್ಕ ಕೈಯಲ್ಲಿದ್ದ ಪೊರಕೆಯನ್ನು ಬಿಡದೆ ಗೋಡೆಯ ಬಳಿ ಹೋದಳು. ಒಳಗೆ ಅತ್ತೆ, "ಮುಗೀತು ಅವನ ಕಥೆ," ಎಂದು ಮಗನಿಗೆ ಹೇಳಿ, ಚೆನ್ನಾಗಿ ಕೇಳಿಸಲೆಂದು ಕಿಟಕಿ ತೆರೆದರು.