ದೊಡ್ಡವ್ವಗ ಕೊಟ್ಟ ಮರ್ಯಾದಿ

ತನುಜಾ ಶಾಣ್ಯಾಕಿ, ಅದರಾಗ ಎರಡು ಮಾತಿಲ್ಲ. ಶಿಗ್ಗಾಂವದಾಗ ಕುಂತು ಸವಣೂರಿನ ಎಲಿ ತೋಟದವ್ರಿಗೆಲ್ಲ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಹೆಸರಿನ ಮ್ಯಾಲೆ ಒತ್ತಿದ್ರ ಅವರ ವೀಳ್ಯದೆಲಿ ಫೋಟೊ ಬರಬೇಕು, ಹುಬ್ಬಳ್ಳಿ ಅಂಗಡಿಯವ್ರು ನೋಡಿ ಅಲ್ಲಿಂದನ ಹೇಳಿ ತರಿಸಿಕೋಬೇಕು. ಎಲ್ಲಾರ ಎಲಿನೂ ಹೋಗಾಕತ್ವು, ಅಕೀ ದೊಡ್ಡವ್ವ ಸರೋಜವ್ವಂದೊಂದು ಬಿಟ್ಟು.

ಸರೋಜವ್ವನ ಹಂತ್ಯಾಕ ಇದ್ದದ್ದು ಬಟನ್ ಫೋನು, ತಾನ ನೋಡಾಕ ಬರಂಗಿಲ್ಲ. "ಬಾಜೂ ತೋಟದ ಮಜೀದನ ಫೋನಿನ್ಯಾಗ ನನ್ನ ಎಲಿ ಕಾಣಂಗಿಲ್ಲಂತ ನೋಡವ್ವಾ," ಅಂತ ತನುಜಾಗ ಫೋನ್ ಹಚ್ಚಿ ಅಂದ್ಲು.

ತನುಜಾ ತನ್ನ ಲ್ಯಾಪ್‌ಟಾಪ್ ತಗದು, ಅದರಾಗ ಇಟಗೊಂಡಿದ್ದ ವೆಬ್‌ಸೈಟಿನ ಪ್ರತಿ ನೋಡಿದ್ಲು. ಫೋಟೊ ಹಚ್ಚಗ ಕಾಣಾಕತ್ತಿತ್ತು. "ನನಗ ಕಾಣತೈತಿ ದೊಡ್ಡವ್ವ. ಅವನ ಫೋನ್ ಹಳೇದಿರಬೇಕು. ಕೊಳ್ಳಾವ್ರಿಗೆ ನಿನ್ನ ಎಲಿ ಮನಸಿಗೆ ಬರವಲ್ದು, ನಾ ಏನ ಮಾಡ್ಲಿ?" ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಹಂಗಾತು! ಸರೋಜವ್ವ "ಹೂಂ" ಅಂದು ಫೋನ್ ಇಟ್ಟಳು.

ಮಳಿಗಾಲ ಕಳೀತು. ಒಂದಿನ ತನುಜಾ ಬ್ಯಾರೆ ಕೆಲಸಕ್ಕ, ಮಂದಿಗೆ ವೆಬ್‌ಸೈಟ್ ತೋರಿಸೋ ಸರ್ವರ್ ತಗದು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಎಲ್ಲಾರ ಫೋಟೊ ಫೈಲಿಗೂ ಇಂಗ್ಲಿಷಿನ ಸಣ್ಣ ಅಕ್ಷರದ ಹೆಸರು. ದೊಡ್ಡವ್ವನ ಹೆಸರು ಸಣ್ಣದಾಗಿ ಹೆಂಗ ಬರೀಲಿ ಅಂತ, ಮರ್ಯಾದಿಗೆ, ಅಕೀದಷ್ಟ ಕ್ಯಾಪಿಟಲ್ ಅಕ್ಷರದಿಂದ ಶುರು ಮಾಡಿದ್ಲು. ತನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ದೊಡ್ಡದೂ ಒಂದ, ಸಣ್ಣದೂ ಒಂದ. ಲಿನಕ್ಸ್ ಸರ್ವರಿಗೆ ಹಂಗಲ್ಲ, ಅದಕ್ಕ ಅವೆರಡೂ ಬ್ಯಾರೆ ಬ್ಯಾರೆ ಮಂದಿ. ಪ್ರೋಗ್ರಾಮು ಸಣ್ಣಕ್ಷರದ ಸರೋಜವ್ವನ್ನ ಕರೀತಿತ್ತು, ಅಂಥಾಕಿ ಅಲ್ಲಿ ಇರಲೇ ಇಲ್ಲ. ಕೊಳ್ಳಾವ್ರು ಯಾರೂ ಅಕೀ ಎಲಿ ಒಮ್ಮೆನೂ ನೋಡಿರಲಿಲ್ಲ.

ಅಯ್ಯ ಶಿವನ, ಎಂಥಾ ಮಾತು ಅಂದುಬಿಟ್ಟೆ ಅಂದಕೋತ ಹೆಸರು ತಿದ್ದಿದಾಕಿನ ಸಿಕ್ಕ ಬಸ್ ಹತ್ತಿ ಸವಣೂರಿಗೆ ಹ್ವಾದ್ಲು.

ತೋಟದಾಗ ಆಳುಗಳು ಬಳ್ಳಿ ಕಿತ್ತು ಒಟ್ಟಾಕತ್ತಿದ್ರು. ತೀರಿಕೊಂಡ ದೊಡ್ಡಪ್ಪ ಕೈಯಾರ ಹಚ್ಚಿದ್ದ ಬಳ್ಳಿ.

"ಯಾಕ ದೊಡ್ಡವ್ವ!" ಅಂತ ತನುಜಾ ಚೀರಿದ್ಲು.

"ಯಾರಿಗೂ ಬ್ಯಾಡಾದ ಎಲಿ ಇಟಗೊಂಡು ಏನ ಮಾಡ್ಲಿ? ನೀನ ಹೇಳಿದೆಲ್ಲಾ, ಮನಸಿಗೆ ಬರವಲ್ದು ಅಂತ."

ತನುಜಾ ಅಳಕೋತ ಎಲ್ಲಾ ಹೇಳಿದ್ಲು. "ತಪ್ಪು ನಂದ, ದೊಡ್ಡವ್ವ. ಬೈ ನನಗ, ಹೊಡಿ."

ಸರೋಜವ್ವ ಬೈಲಿಲ್ಲ. ಒಟ್ಟಿದ ಬಳ್ಳಿ ಕಡೆ ಹೊಳ್ಳಿ ನೋಡಿದ್ಲು.

"ಅಂದ್ರ... ನನ್ನ ಎಲಿ ಚಲೋ ಇದ್ವು?" ಅಂತ ಕೇಳಿದ್ಲು.